ಬೆಟ್ಟ ಇರೋದೂ ಪಶ್ಚಿಮಕ್ಕೆ, ಸುಡು ಬಿಸಿಲೂ ಪಶ್ಚಿಮಕ್ಕೆ: ಹೊರಗಿಗೆ ತೆರೆದುಕೊಂಡ ಮನೆ ಹೇಗೆ ಕಟ್ಟೋದು?

ಕಳವಾರ_ದಾರಿ

ಎಲ್ಲರಿಗೂ ನಮಸ್ಕಾರ. ಚಿಕ್ಕಬಳ್ಳಾಪುರದ ಹೊರವಲಯದಲ್ಲಿ ನಮ್ಮದೊಂದು 40x60 ಸೈಟು ಇದೆ. ರಸ್ತೆ ಪೂರ್ವಕ್ಕೆ. ಹಿಂಭಾಗ ಪಶ್ಚಿಮ. ಅಲ್ಲಿ ನಿಂತರೆ ಎದುರಿಗೆ ಸ್ಕಂದಗಿರಿ, ಸ್ವಲ್ಪ ಎಡಕ್ಕೆ ತಿರುಗಿದರೆ ನಂದಿಬೆಟ್ಟ. ನಮ್ಮ ಬೇಲಿಗೂ ಬೆಟ್ಟಕ್ಕೂ ನಡುವೆ ಸದ್ಯಕ್ಕೆ ಒಂದು ದ್ರಾಕ್ಷಿ ತೋಟ ಬಿಟ್ಟರೆ ಬೇರೇನೂ ಅಡ್ಡ ಇಲ್ಲ. ಸೈಟು ಕೊಂಡಿದ್ದೇ ಈ ನೋಟಕ್ಕೋಸ್ಕರ.

ಇಂಜಿನಿಯರ್ ಕೊಟ್ಟ ನಕ್ಷೆಯಲ್ಲಿ ಪಶ್ಚಿಮದ ಗೋಡೆಗೆ ನೆಲದಿಂದ ಸೂರಿನವರೆಗೆ 14 ಅಡಿ ಅಗಲದ ಗಾಜು ಇದೆ. ಜಾರುವ ಬಾಗಿಲು. ಕಂಪ್ಯೂಟರ್ ಚಿತ್ರದಲ್ಲಿ ಬಹಳ ಚೆನ್ನಾಗಿದೆ. ಅತ್ತೆ ನೋಡಿ, "ಏಪ್ರಿಲ್‌ನಲ್ಲಿ ಹಪ್ಪಳ ಒಣಗಿಸೋಕೆ ತಾರಸಿ ಹತ್ತೋ ಕೆಲಸ ಇಲ್ಲ ಬಿಡು" ಅಂದರು.

ಎಸಿ ಹಾಕೋ ಮನಸ್ಸಿಲ್ಲ. ಒಳಗೆ ಕೂತರೂ ಹೊರಗೆ ಕೂತ ಹಾಗಿರಬೇಕು. ಬೆಟ್ಟ ಕಾಣಬೇಕು, ಗಾಳಿ ಬರಬೇಕು, ಸೆಕೆ ಬೇಡ. ಈ ಕಡೆ ಇಂಥ ಮನೆ ಕಟ್ಟಿದವರು, ಅದರಲ್ಲಿ ಬಾಳಿದವರು ಹೇಳಿ.

ಗಾರೆ_ಕೈ

ನಿಮ್ಮ ಅತ್ತೆಯವರನ್ನೇ ಇಂಜಿನಿಯರ್ ಮಾಡಿ, ಫೀಸು ಉಳಿಯುತ್ತೆ.

ಗಾಜಿನ ಗೋಡೆ ಹಾಕಿದ ಮನೆಗಳಿಗೆ ನಾನು ಆಮೇಲೆ ರಿಪೇರಿಗೆ ಹೋಗಿದ್ದೇನೆ. ಮೊದಲ ಬೇಸಿಗೆಗೆ ದಪ್ಪ ಪರದೆ ಬರುತ್ತೆ. ಎರಡನೇ ಬೇಸಿಗೆಗೆ ಗಾಜಿಗೆ ಕಪ್ಪು ಫಿಲ್ಮ್. ಆಮೇಲೆ ಎಸಿ. ಪರದೆ ಎಳೆದ ಮೇಲೆ ಬೆಟ್ಟ ಎಲ್ಲಿ, ನೀವೆಲ್ಲಿ? ಆ ದುಡ್ಡಲ್ಲಿ ಹಿಂದೆ ಒಂದು ಆಳವಾದ ಪಡಸಾಲೆ ಇಳಿಸಿ. ಎಂಟಡಿಗೆ ಕಡಿಮೆ ಬೇಡ. ನಾಲ್ಕಡಿ ಪಡಸಾಲೆ ಚಪ್ಪಲಿ ಬಿಡೋಕೆ ಮಾತ್ರ ಆಗುತ್ತೆ.

ನಕ್ಷೆ_ಹಾಳೆ

ಗಾರೆಯವರ ಎಂಟಡಿಗೆ ಲೆಕ್ಕದ ಆಧಾರವೂ ಇದೆ. ಸ್ವಲ್ಪ ತಾಳ್ಮೆಯಿಂದ ಓದಿ.

ಚಿಕ್ಕಬಳ್ಳಾಪುರ ಇರೋದು ಸುಮಾರು 13.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮಧ್ಯದಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿ ಮೇಲೇ ಇರುತ್ತಾನೆ. ಇವೆರಡರ ನಡುವೆ ಒಂಚೂರು ಉತ್ತರಕ್ಕೆ ವಾಲಿರುತ್ತಾನೆ. ಡಿಸೆಂಬರ್ 21ಕ್ಕೆ ದಕ್ಷಿಣಕ್ಕೆ ಇಳಿದು ಮಧ್ಯಾಹ್ನ ಸುಮಾರು 53 ಡಿಗ್ರಿ ಎತ್ತರದಲ್ಲಿರುತ್ತಾನೆ. ದಕ್ಷಿಣದ ಕಿಟಕಿಗೆ ಎರಡಡಿ ಸಜ್ಜಾ ಹಾಕಿ. ಆ ದಿನವೂ ಅದರ ನೆರಳು ಎರಡೂವರೆ ಅಡಿ ಮೀರಿ ಇಳಿಯುತ್ತೆ. ನಾಲ್ಕಡಿ ಕಿಟಕಿಯ ಕೆಳಗಿನ ಪಟ್ಟಿಗೆ ಮಾತ್ರ ಬಿಸಿಲು. ನಿಮ್ಮೂರಿನ ಮಾಗಿ ಚಳಿಗೆ ಅಷ್ಟು ಬಿಸಿಲು ಬೇಕೇ ಬೇಕು.

ಪಶ್ಚಿಮ ಇಷ್ಟು ಸುಲಭಕ್ಕೆ ಬಗ್ಗಲ್ಲ. ಏಪ್ರಿಲ್ ಮಧ್ಯದಲ್ಲಿ ಸಂಜೆ 4ಕ್ಕೆ ಸೂರ್ಯ ಸುಮಾರು 36 ಡಿಗ್ರಿ ಎತ್ತರದಲ್ಲಿ, 5ಕ್ಕೆ ಸುಮಾರು 21. ಆ ಹೊತ್ತಿಗೆ ಎರಡಡಿ ಸಜ್ಜಾದ ನೆರಳು ಒಂದಡಿಯೂ ಇಳಿಯಲ್ಲ. ಅದೇ ಎಂಟಡಿ ಆಳದ ಪಡಸಾಲೆ, ಸೂರಿನ ಅಂಚು ಏಳಡಿಗೆ ಇಳಿದಿದೆ ಅಂದುಕೊಳ್ಳಿ. 4 ಗಂಟೆಗೆ ಗೋಡೆಯ ಬುಡದ ಒಂದಡಿ ಚಿಲ್ಲರೆ ಬಿಟ್ಟು ಉಳಿದಿದ್ದೆಲ್ಲ ನೆರಳು. 5 ಗಂಟೆ ದಾಟಿದ ಮೇಲೆ ಯಾವ ಸೂರೂ ಸಾಲದು. ಅಲ್ಲಿಂದಾಚೆ ಗಿಡ, ಬಳ್ಳಿ, ಬಿದಿರಿನ ತಟ್ಟಿಯ ಕೆಲಸ.

ಕಳವಾರ_ದಾರಿ

ಏಳಡಿಗೆ ಇಳಿಸಿದರೆ ಬೆಟ್ಟ ಮುಚ್ಚಿಹೋಗಲ್ವಾ? ಸೂರು ಎತ್ತರ ಇದ್ದಷ್ಟೂ ನೋಟ ಜಾಸ್ತಿ ಅಂತ ಇಂಜಿನಿಯರ್ ಹೇಳಿದ್ದರು.

ನಕ್ಷೆ_ಹಾಳೆ

ಮುಚ್ಚಲ್ಲ. ಸ್ಕಂದಗಿರಿಯ ತುದಿ ಸುಮಾರು 1450 ಮೀಟರ್. ಊರು ಸುಮಾರು 915 ಮೀಟರ್. ಬೆಟ್ಟ ಐದು ಕಿಲೋಮೀಟರ್ ದೂರ ಇದೆ ಅಂತ ಹಿಡಿದರೆ, ಕಣ್ಣಿನ ಮಟ್ಟದಿಂದ ಅದರ ತುದಿ ಬರೀ ಆರು ಡಿಗ್ರಿ ಮೇಲಿರುತ್ತೆ. ಬೆಟ್ಟ ಎಷ್ಟೇ ದೊಡ್ಡದು ಅನಿಸಿದರೂ ಆಕಾಶದಲ್ಲಿ ಅದು ತೆಗೆದುಕೊಳ್ಳೋ ಜಾಗ ಅಷ್ಟೇ. ಈಗ ಪಡಸಾಲೆಯ ಒಳಗೋಡೆಗೆ ಒರಗಿ ಕುರ್ಚಿಯಲ್ಲಿ ಕೂತಿದ್ದೀರಿ. ಕಣ್ಣು ನೆಲದಿಂದ ನಾಲ್ಕಡಿ ಮೇಲೆ. ಎಂಟಡಿ ಆಚೆ ಏಳಡಿ ಎತ್ತರದಲ್ಲಿ ಸೂರಿನ ಅಂಚು. ನಿಮಗೆ 20 ಡಿಗ್ರಿವರೆಗೆ ಕಾಣುತ್ತೆ. ಬೆಟ್ಟ ಪೂರ್ತಿ ಬಂತು, ಮೇಲೆ ಒಂದಿಷ್ಟು ಮೋಡವೂ ಬಂತು. ಸೂರು ಕತ್ತರಿಸಿದ್ದು ಕಣ್ಣು ಕುಕ್ಕೋ ಬಿಳಿ ಆಕಾಶವನ್ನು ಮಾತ್ರ.

ನಂಬಿಕೆ ಬರದಿದ್ದರೆ ಸೈಟಿನಲ್ಲೇ ಎರಡು ಗಳ ನೆಟ್ಟು, ಏಳಡಿಗೆ ಹಗ್ಗ ಕಟ್ಟಿ, ಎಂಟಡಿ ಹಿಂದೆ ಕುರ್ಚಿ ಹಾಕಿ ಕೂತು ನೋಡಿ. ಸಂಜೆ ಹೋಗಿ.

ಸೀಬೆ_ಕೊಂಬೆ

ಲೆಕ್ಕ ಎಲ್ಲ ಸರಿ. ಧೂಳು ಗುಡಿಸೋರು ಯಾರು ಅಂತ ಮಾತ್ರ ಯಾವ ನಕ್ಷೆಯಲ್ಲೂ ಬರೆದಿರಲ್ಲ.

ನಾನು ಕೊರಟಗೆರೆ ಕಡೆಯ ತೊಟ್ಟಿ ಮನೆಗೆ, ಅಂದರೆ ನಡುವೆ ಬಯಲಂಗಳ ಇರೋ ಮನೆಗೆ, ಸೊಸೆಯಾಗಿ ಬಂದವಳು. ಇವತ್ತು ರೆಸಾರ್ಟ್‌ಗೆ ದುಡ್ಡು ಕೊಟ್ಟು ಹೋಗಿ ಫೋಟೋ ತೆಗೆಸಿಕೊಳ್ಳೋ ಥರದ ಮನೆ. ಬೆಳಗ್ಗೆ ಗುಡಿಸಿದರೆ ಮಧ್ಯಾಹ್ನಕ್ಕೆ ಮತ್ತೆ ಧೂಳು. ಆಷಾಢದಲ್ಲಿ ಅದನ್ನು ಕೇಳಲೇಬೇಡಿ. ಮಳೆ ಬಂದರೆ ಅಡುಗೆಮನೆಯಿಂದ ಬಚ್ಚಲಿಗೆ ಹೋಗೋಕೆ ತೊಟ್ಟಿ ಸುತ್ತ ಗೋಡೆಗೆ ಅಂಟಿಕೊಂಡು ನಡೀಬೇಕು. ಕಲ್ಲಿನ ಮೇಲೆ ಪಾಚಿ. ಮೊದಲ ಮಳೆ ಬಿದ್ದ ರಾತ್ರಿ ದೀಪಕ್ಕೆ ಮುತ್ತಿಕೊಳ್ಳೋ ಮಳೆಹುಳಗಳ ರೆಕ್ಕೆ ಬೆಳಗ್ಗೆ ಮೊರದ ತುಂಬ.

ಹಾಗಂತ ಬೇಡ ಅನ್ನಲ್ಲ. ಅವರೆಕಾಯಿ ಕಾಲದಲ್ಲಿ ತೊಟ್ಟಿ ಅಂಚಿನ ಕಲ್ಲಿನ ಮೇಲೆ ಕಾಲು ಇಳಿಬಿಟ್ಟು ಕೂತರೆ ಒಂದು ಮಂಕರಿ ಕಾಯಿ ಸುಲಿದದ್ದೇ ಗೊತ್ತಾಗಲ್ಲ. ಮಾತಾಡ್ತಾ ಮಾತಾಡ್ತಾ ಅವರೆಬೇಳೆ ಹಿಸುಕಿ ಮುಗಿದಿರುತ್ತೆ. ಫ್ಲ್ಯಾಟ್‌ನಲ್ಲಿರೋ ನನ್ನ ತಂಗಿ ಟೀವಿ ಮುಂದೆ ಪೇಪರ್ ಹಾಸಿಕೊಂಡು ಅದೇ ಕೆಲಸ ಮಾಡ್ತಾಳೆ, ಅರ್ಧಕ್ಕೇ ಬೇಜಾರು ಅಂತಾಳೆ.

ನೀವು ಪಡಸಾಲೆ ಮಾಡೋದಾದರೆ ಇಷ್ಟು ನೋಡಿಕೊಳ್ಳಿ. ಅಂಚಿಗೆ ಕಬ್ಬಿಣದ ಕಂಬಿ ಬೇಡ, ಕೂರೋಕೆ ಕಟ್ಟೆ ಕಟ್ಟಿಸಿ. ಎತ್ತರ ಒಂದೂವರೆ ಅಡಿ, ಅಗಲ ಎರಡಡಿಗೆ ಹತ್ತಿರ. ವಯಸ್ಸಾದವರು ಬೆನ್ನು ಚಾಚೋ ಹಾಗಿರಬೇಕು. ನೆಲಕ್ಕೆ ಪಾಲಿಶ್ ಗ್ರಾನೈಟ್ ಬೇಡ, ಒದ್ದೆ ಕಾಲಿಗೆ ಜಾರುತ್ತೆ. ಪಡಸಾಲೆಯಲ್ಲೇ ಒಂದು ನಲ್ಲಿ ಇರಲಿ. ಹೊರಗಿನಿಂದ ಬಂದವರು ಕಾಲು ತೊಳೆದು ಒಳಗೆ ಬಂದರೆ ಅರ್ಧ ಗುಡಿಸೋ ಕೆಲಸ ಕಡಿಮೆ.

ಕಳವಾರ_ದಾರಿ

ಕಟ್ಟೆ ಮತ್ತು ನಲ್ಲಿ ಖಂಡಿತ ಬರೆದುಕೊಂಡೆ. ಇನ್ನೊಂದು ಪ್ರಶ್ನೆ. ಮನೆ ನಡುವೆ 6x6 ತೊಟ್ಟಿ ಕೊಡ್ತೀನಿ ಅಂತಿದ್ದಾರೆ, ಮೇಲೆ ಪಾಲಿಕಾರ್ಬೊನೇಟ್ ಶೀಟು ಮುಚ್ಚಿ. ಮನೆ ಎರಡು ಅಂತಸ್ತು.

ಗಾರೆ_ಕೈ

ಮುಚ್ಚಿದ ಮೇಲೆ ಅದು ತೊಟ್ಟಿ ಹೇಗಾಯ್ತು ಸ್ವಾಮಿ?

ನಕ್ಷೆ_ಹಾಳೆ

ಆರಡಿ ಅಗಲ, ಎರಡು ಅಂತಸ್ತು ಅಂದರೆ ಇಪ್ಪತ್ತಡಿ ಎತ್ತರ. ಅದು ಹೊಗೆಗೂಡಿನ ಲೆಕ್ಕ. ಬೆಳಕು ಬರುತ್ತೆ, ಆಕಾಶ ಸಿಗಲ್ಲ. ಆದರೆ ಬಿಸಿಗಾಳಿ ಮೇಲೇರೋಕೆ ಅದು ಒಳ್ಳೆ ದಾರಿ. ಆದ್ದರಿಂದ ಶೀಟನ್ನು ಗೋಡೆಗೆ ಅಂಟಿಸಬೇಡಿ. ಒಂದಡಿ ಮೇಲಕ್ಕೆತ್ತಿ, ನಾಲ್ಕೂ ಕಡೆ ಜಾಲರಿ ಕೊಡಿ, ಶೀಟಿನ ಅಂಚು ಹೊರಗೆ ಚಾಚಲಿ. ಪೂರ್ತಿ ಮುಚ್ಚಿದರೆ ಮಧ್ಯಾಹ್ನ ಕಾದ ಗಾಳಿ ಅಲ್ಲೇ ನಿಂತು, ಮೇಲಿನ ಮಲಗೋ ಕೋಣೆ ಒಲೆ ಪಕ್ಕದ ಜಾಗ ಆಗುತ್ತೆ.

ನನ್ನ ಕೈಲಿ ನಕ್ಷೆ ಇದ್ದಿದ್ದರೆ ನಡುವಿನ ತೊಟ್ಟಿಯನ್ನೇ ತೆಗೆದು, ಆ ಜಾಗವನ್ನೂ ಪಶ್ಚಿಮದ ಹಿತ್ತಲಿಗೆ ಸೇರಿಸುತ್ತಿದ್ದೆ. 40x60ರಲ್ಲಿ ಅಲ್ಲೊಂದು ಚೂರು ಇಲ್ಲೊಂದು ಚೂರು ಬಯಲು ಬಿಟ್ಟರೆ ಯಾವುದೂ ದಕ್ಕಲ್ಲ. ನಿಯಮದ ಪ್ರಕಾರ ಸುತ್ತ ಎಷ್ಟು ಬಿಡಬೇಕೋ ಅಷ್ಟು ಬಿಡಿ, ಉಳಿದದ್ದನ್ನು ಒಂದೇ ಕಡೆ ಗುಡ್ಡೆ ಹಾಕಿ.

ದಿಕ್ಕು_ದೆಸೆ

ಬ್ರಹ್ಮಸ್ಥಾನ, ಅಂದರೆ ಮನೆಯ ನಟ್ಟನಡು, ಖಾಲಿ ಇರಬೇಕು ಅಂತ ವಾಸ್ತು ಶಾಸ್ತ್ರ. ತೊಟ್ಟಿ ತೆಗೀರಿ ಅಂತ ಸುಲಭವಾಗಿ ಹೇಳಬೇಡಿ.

ನಕ್ಷೆ_ಹಾಳೆ

ಖಾಲಿ ಇರಲಿ ಸರ್. ನಡುವೆ ಕಂಬ, ಗೋಡೆ, ಶೌಚಾಲಯ ಬರದ ಹಾಗೆ ನಡುಮನೆ ಮಾಡಿದರಾಯ್ತು. ಪೂರ್ವದ ಬಾಗಿಲಿಂದ ಪಶ್ಚಿಮದ ಪಡಸಾಲೆವರೆಗೆ ಗಾಳಿಗೆ ನೇರ ದಾರಿ. ನಮ್ಮ ಕಡೆ ಮುಂಗಾರಿನಲ್ಲಿ ಗಾಳಿ ಪಶ್ಚಿಮ-ನೈಋತ್ಯದಿಂದ, ಚಳಿಗಾಲದಲ್ಲಿ ಪೂರ್ವ-ಈಶಾನ್ಯದಿಂದ. ಎರಡಕ್ಕೂ ಈ ದಾರಿ ಸರಿ. ಪಶ್ಚಿಮಕ್ಕೆ, ದಕ್ಷಿಣಕ್ಕೆ ಎತ್ತರದ ಮರ ಇರಲಿ ಅಂತ ವಾಸ್ತುವಿನವರೂ ಹೇಳ್ತಾರಲ್ವಾ? ಇಲ್ಲಿ ನಿಮಗೂ ನನಗೂ ಜಗಳ ಇಲ್ಲ.

ಮಾಲೂರು_ಹೆಂಚು

ಗೋಡೆ, ಗಾಜು ಆಯ್ತು. ತಲೆ ಮೇಲಿನದನ್ನು ಯಾರೂ ಎತ್ತಲೇ ಇಲ್ಲ. ಬಿಸಿಲಿನ ದೊಡ್ಡ ಪಾಲು ಬೀಳೋದು ತಾರಸಿ ಮೇಲೆ. ಕೆಳಗೆ ಪಡಸಾಲೆ ಎಷ್ಟೇ ತಂಪಿರಲಿ, ಕಾದ ಕಾಂಕ್ರೀಟ್ ರಾತ್ರಿ ಹನ್ನೊಂದರವರೆಗೂ ತಲೆ ಮೇಲೆ ಶಾಖ ಉಗುಳುತ್ತೆ.

ನಮ್ಮ ಕೋಲಾರದ ಹಳೆ ಮಾಳಿಗೆ ಮನೆಗಳನ್ನು ನೋಡಿ. ಜಂತೆ ಮೇಲೆ ಸೀಳು ಬಿದಿರೋ ಸೊಪ್ಪುಸದೆಯೋ ಹರಡಿ, ಮೇಲೆ ದಪ್ಪಕ್ಕೆ ಮಣ್ಣು, ಅದರ ಮೇಲೆ ಚೌಳು ಮಣ್ಣು. ಮಧುಗಿರಿ, ಪಾವಗಡ ಕಡೆ ಕಲ್ಲು ಚಪ್ಪಡಿ ಹಾಸಿದ ಮನೆಗಳಲ್ಲೂ ಮೇಲೆ ಮಣ್ಣು, ಗಾರೆ ಹಾಕಿದ್ದರೆ ತಡೆಯಬಹುದು. ಬರೀ ಚಪ್ಪಡಿ ಇದ್ದರೆ ಸಂಜೆ ಒಳಗೆ ಕೂರೋಕಾಗಲ್ಲ. ಅದಕ್ಕೇ ಆ ಮನೆಯವರು ಬೇಸಿಗೆ ಇಡೀ ಜಗುಲಿ ಮೇಲೋ ಮಾಳಿಗೆ ಮೇಲೋ ಮಲಗ್ತಿದ್ದದ್ದು.

ಪಡಸಾಲೆಗೆ ಆರ್‌ಸಿಸಿ ಬೇಡವೇ ಬೇಡ. ಹೆಂಚು ಹಾಕಿ, ಕೆಳಗೆ ಸೀಲಿಂಗ್ ಹೆಂಚು ಕೊಡಿ. ಎರಡರ ನಡುವಿನ ಗಾಳಿಯೇ ತಡೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಶುರು ಮಾಡಿದ ಹೆಂಚು ಇಂದಿಗೂ ಆ ಕೆಲಸಕ್ಕೆ ಸಾಕು. ನಮ್ಮ ಮಾಲೂರಿನಲ್ಲೂ ಹೆಂಚು, ಇಟ್ಟಿಗೆ ಸಿಗುತ್ತೆ. ಹಳೆ ಮನೆ ಕೆಡವೋ ಕಡೆ ಹುಡುಕಿದರೆ ಗಟ್ಟಿ ಹೆಂಚು ಅಗ್ಗಕ್ಕೆ ಬರುತ್ತೆ. ಒಂದೊಂದನ್ನೂ ಬೆರಳಲ್ಲಿ ತಟ್ಟಿ ಕೇಳಿ. ಟಣ್ ಅನ್ನಬೇಕು, ಬದ್ ಅಂದರೆ ಪಕ್ಕಕ್ಕಿಡಿ. ಮುಖ್ಯ ತಾರಸಿಗೆ ಬಿಳಿ ಟೈಲ್ಸ್ ಚೂರುಗಳ ಮೊಸಾಯಿಕ್ ಹಾಕಿಸಿ. ಅದೂ ಆಗದಿದ್ದರೆ ಬೇಸಿಗೆಗೆ ಮುಂಚೆ ಸುಣ್ಣ ಬಳಿಸಿ.

ಕೋತಿ_ಕಾಟ

ಹೆಂಚು ಅಂತೀರಲ್ಲ, ಬೆಟ್ಟದ ಬುಡ ಅಂದರೆ ಕೋತಿ ಗ್ಯಾರಂಟಿ. ನಾನು ದೇವರಾಯನದುರ್ಗದ ಕೆಳಗಿರೋನು. ಹೆಂಚು ಒಡೆದರೆ ಪರವಾಗಿಲ್ಲ, ಎತ್ತಿ ಪಕ್ಕಕ್ಕಿಟ್ಟು ಒಳಗೆ ಬಗ್ಗಿ ನೋಡ್ತವೆ!

ಮಾಲೂರು_ಹೆಂಚು

ತಂತಿಯಲ್ಲಿ ರೀಪಿಗೆ ಕಟ್ಟಿ. ಅಂಚಿನ ಎರಡು ಸಾಲು ಮತ್ತು ಮೇಲಿನ ಸಾಲು ಕಟ್ಟಿದರೂ ಗಾಳಿಗೂ ಆಯ್ತು, ಕೋತಿಗೂ ಆಯ್ತು.

ಉಂಗ್ರ_ಪಕ್ಕ

ಕುಣಿಗಲ್ ತಾಲೂಕಿನವನು. ಗೋಡೆಗೆ ಮಣ್ಣಿನ ಬ್ಲಾಕ್ ಯೋಚಿಸಿದ್ದೀರಾ? ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ತಂಡ ನಮ್ಮ ಉಂಗ್ರದಲ್ಲೇ ವಿಸ್ತರಣಾ ಕೇಂದ್ರ ಮಾಡಿಕೊಂಡಿತ್ತು. ಒತ್ತಿ ಮಾಡಿದ ಮಣ್ಣಿನ ಬ್ಲಾಕ್ ಅವರ ದೊಡ್ಡ ಕೆಲಸಗಳಲ್ಲಿ ಒಂದು. ಮರಳು ಜಾಸ್ತಿ, ಜೇಡಿ ಕಡಿಮೆ ಇರೋ ಕೆಂಪು ಮಣ್ಣಿಗೆ ನೂರಕ್ಕೆ ಏಳೆಂಟು ಪಾಲು ಸಿಮೆಂಟ್ ಬೆರೆಸಿ, ಯಂತ್ರದಲ್ಲಿ ಒತ್ತಿ, ಮೂರು ವಾರ ನೀರು ಹಾಕಿ ಹದ ಮಾಡಿದರೆ ಮುಗೀತು. ಸುಡೋ ಕೆಲಸ ಇಲ್ಲ. ನಿಮ್ಮ ಪಾಯದ ಮಣ್ಣು ಹೊಂದಿದರೆ ಸೈಟಿನಲ್ಲೇ ಮಾಡಬಹುದು. ಪಾಯದ ಮೇಲ್ಪದರದ ಗೊಬ್ಬರ ಮಣ್ಣು ಮಾತ್ರ ಬೇಡ, ಅದನ್ನು ಹಿತ್ತಲ ಗಿಡಕ್ಕೆ ಎತ್ತಿಡಿ.

ಹೊರಗಿನ ನೆಲದ ಬಣ್ಣವೇ ಒಳಗಿನ ಗೋಡೆಗೂ ಬರುತ್ತೆ. ಒಳಗೆ ಹೊರಗೆ ಬೇರೆ ಅನಿಸದಿರೋಕೆ ನನಗೆ ಗಾಜಿಗಿಂತ ಅದು ಮುಖ್ಯ. ಒಂದು ಎಚ್ಚರ ಇರಲಿ. ಸೂರಿನಿಂದ ಬಿದ್ದ ನೀರು ನೆಲಕ್ಕೆ ಹೊಡೆದು ಗೋಡೆಗೆ ಚಿಮ್ಮುತ್ತೆ. ಕೆಳಗಿನ ಎರಡಡಿ ಸೈಜುಗಲ್ಲಿನಲ್ಲೇ ಕಟ್ಟಿ.

ಗಾರೆ_ಕೈ

ಬ್ಲಾಕ್ ಒಳ್ಳೇದೇ. ಆದರೆ ಅದರ ಕೈಕೆಲಸ ಬಲ್ಲ ಮೇಸ್ತ್ರಿ ಬೇಕು. ಪ್ಲಾಸ್ಟರ್ ಮುಚ್ಚಿಹಾಕುತ್ತೆ ಅಂತ ನಂಬಿ ಕಟ್ಟೋರ ಕೈಗೆ ಕೊಟ್ಟರೆ ಗೋಡೆ ನೋಡೋಕಾಗಲ್ಲ.

ದ್ರಾಕ್ಷಿ_ಚಪ್ಪರ

ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ನಾನು ಇದೇ ಕಡೆಯ ದ್ರಾಕ್ಷಿ ಬೆಳೆಗಾರ. ನಿಮ್ಮ ಹಿಂದಿನ ತೋಟದ ಬಗ್ಗೆ ಯಾರೂ ಹೇಳದ ಮಾತು ಹೇಳ್ತೀನಿ. ದ್ರಾಕ್ಷಿಗೆ ಔಷಧಿ ಹೊಡೀತೀವಿ. ಮಳೆ ಮೋಡ ಕಟ್ಟಿದರೆ ಬೂಜು ರೋಗಕ್ಕೆ ಬೋರ್ಡೋ ದ್ರಾವಣ, ಇನ್ನೂ ಏನೇನೋ. ಜೂನ್, ಜುಲೈನಲ್ಲಿ ಗಾಳಿ ಪಶ್ಚಿಮದಿಂದ, ಅಂದರೆ ತೋಟದಿಂದ ನೇರ ನಿಮ್ಮ ಪಡಸಾಲೆಗೆ. ತೋಟದವರ ಹತ್ತಿರ ಈಗಲೇ ಮಾತಾಡಿ ನಂಬರ್ ಇಟ್ಟುಕೊಳ್ಳಿ, ಹೊಡೆಯೋ ಹಿಂದಿನ ದಿನ ಹೇಳ್ತಾರೆ. ಆ ದಿನ ಬಟ್ಟೆ ಒಣಹಾಕಬೇಡಿ. ಬೇಲಿಗೆ ದಾಸವಾಳ ದಟ್ಟವಾಗಿ ಬೆಳೆಸಿ. ಆಳೆತ್ತರಕ್ಕೆ ಬಂದರೂ ಒಂದಿಷ್ಟು ತಡೆಯುತ್ತೆ, ಬೆಟ್ಟಕ್ಕೆ ಅಡ್ಡ ಬರಲ್ಲ.

ಆ 5 ಗಂಟೆ ಬಿಸಿಲಿಗೆ ಔಷಧ ನಮ್ಮ ಚಪ್ಪರವೇ. ಕಲ್ಲು ಕೂಚ, ಅಂದರೆ ಕಲ್ಲಿನ ಕಂಬ ನೆಟ್ಟು, ಮೇಲೆ ಜಿಐ ತಂತಿ ಎಳೆಯೋ ಕೆಲಸಗಾರರು ನಿಮ್ಮೂರಲ್ಲೇ ಇದ್ದಾರೆ. ಕಬ್ಬಿಣದ ಪರ್ಗೋಲಾಗಿಂತ ಅಗ್ಗ, ತುಕ್ಕು ಹಿಡಿಯಲ್ಲ, ಗೆದ್ದಲು ಮುಟ್ಟಲ್ಲ. ಹಳೆ ತೋಟ ತೆಗೆಯೋ ಕಡೆ ಕೂಚ ಸೆಕೆಂಡ್ ಹ್ಯಾಂಡ್ ಸಿಗುತ್ತೆ. ಪಡಸಾಲೆ ಸೂರಿನ ಅಂಚಿನಿಂದ ಆಚೆಗೆ ಇನ್ನೊಂದು ಎಂಟಡಿ ಚಪ್ಪರ ಹೋಗಲಿ, ಕೊನೆಯಲ್ಲಿ ಬಳ್ಳಿ ಸ್ವಲ್ಪ ಇಳಿಬೀಳಲಿ.

ಆದರೆ ಚಪ್ಪರಕ್ಕೆ ದ್ರಾಕ್ಷಿ ಹಾಕಬೇಡಿ! ನಮ್ಮ ಬೆಂಗಳೂರು ನೀಲಿ ದ್ರಾಕ್ಷಿ ತಳಿಗೆ 2013ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿದೆ, ನಮಗೆ ಹೆಮ್ಮೆ. ಮನೆ ಬಾಗಿಲಿಗೆ ಅದು ಆಗಲ್ಲ. ಚಾಟನಿ ಮಾಡಿದ ಮೇಲೆ, ಅಂದರೆ ಕೊಂಬೆ ಸವರಿದ ಮೇಲೆ, ಬೋಳಾಗಿ ನಿಲ್ಲುತ್ತೆ, ಹಣ್ಣಾದಾಗ ಬಾವಲಿ, ನೊಣ, ನೆಲವೆಲ್ಲ ನೇರಳೆ ಕಲೆ. ತೊಂಡೆ ಹಾಕಿ, ಪಲ್ಯಕ್ಕೂ ಆಗುತ್ತೆ. ಇಲ್ಲ ಫ್ಯಾಷನ್ ಫ್ರೂಟ್, ರಂಗೂನ್ ಮಲ್ಲಿಗೆ. ಮಾಗಿಯಲ್ಲಿ ಒಂದು ಕಡೆ ಚಪ್ಪರದವರೆ.

ಸೀಬೆ_ಕೊಂಬೆ

ತೊಂಡೆಗೆ ನನ್ನ ಓಟು. ಮರ ಯಾವುದು ಅಂತ ಕೇಳಿದರೆ ಹೊಂಗೆ. ಮಾಘ ಫಾಲ್ಗುಣದಲ್ಲಿ ಎಲೆ ಉದುರಿಸಿ, ಬಿಸಿಲು ಏರೋ ಹೊತ್ತಿಗೆ ಸರಿಯಾಗಿ ಹೊಸ ಚಿಗುರು ತುಂಬಿಕೊಳ್ಳುತ್ತೆ. ನೈಋತ್ಯದ ಮೂಲೆಗೆ ಒಂದು ಸಾಕು, ನಂದಿ ಕಡೆಯ ನೋಟ ಸ್ವಲ್ಪ ಮರೆಯಾಗುತ್ತೆ ಅಷ್ಟೇ. ಆಲ, ಅರಳಿ, ಅತ್ತಿ ಮಾತ್ರ ಪಾಯದ ಹತ್ತಿರ ಸುಳಿಯಬಾರದು. ಪಡಸಾಲೆ ಹೆಂಚಿನ ಮೇಲೆ ಬಗ್ಗೋ ಹಾಗೆ ತೆಂಗೂ ಬೇಡ. ಗರಿ ಬಿದ್ದರೆ ಹತ್ತು ಹೆಂಚು ಹೋಯ್ತು.

ಕೆರೆ_ಏರಿ

ಗಿಡ ಗಿಡ ಅಂತೀರಿ, ನೀರು? ಚಿಕ್ಕಬಳ್ಳಾಪುರ, ಕೋಲಾರ ಎರಡೂ ಜಿಲ್ಲೆಯಲ್ಲಿ ಬೋರ್‌ವೆಲ್ ಸಾವಿರ ಅಡಿ ದಾಟಿ ಎಷ್ಟೋ ವರ್ಷ ಆಯ್ತು. ಹುಲ್ಲುಹಾಸಿನ ಆಸೆ ಇದ್ದರೆ ಈಗಲೇ ಬಿಡಿ.

1500 ಚದರಡಿ ಸೂರು, ವರ್ಷಕ್ಕೆ 700 ಮಿ.ಮೀ. ಮಳೆ ಹಿಡಿಯಿರಿ. ಸೋರಿಕೆ, ಮೊದಲ ಮಳೆ ಬಿಟ್ಟದ್ದು ಎಲ್ಲ ಕಳೆದರೂ 75,000 ಲೀಟರ್ ಮೇಲೆ ಬರುತ್ತೆ. ಎಲ್ಲ ಹಿಡಿಯೋಕೆ ನೀರಿನ ತೊಟ್ಟಿ ಸಾಲಲ್ಲ. ಒಂದು ಹತ್ತು ಸಾವಿರ ಲೀಟರ್ ಸಂಪಿಗೆ ಹೋಗಲಿ, ಉಳಿದದ್ದು ಇಂಗುಗುಂಡಿಗೆ. ನಮ್ಮ ಕಡೆ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. 2021ರ ನವೆಂಬರ್ ನೆನಪಿದೆಯಲ್ಲ, ಕೆರೆಗಳೆಲ್ಲ ಕೋಡಿ ಬಿದ್ದು ರಸ್ತೆಗಳೇ ಹಳ್ಳ ಆಗಿದ್ದವು. ಸೈಟಿನ ನೀರು ಹೊರಹೋಗೋ ದಾರಿ ಯಾವ ಕಡೆ ಅಂತ ಪಾಯ ತೋಡೋ ಮುಂಚೆ ನೋಡಿ. ಬಚ್ಚಲ ನೀರು ಬಾಳೆ, ಕೆಸುವಿನ ಬುಡಕ್ಕೆ. ತಾವರೆ ಕುಂಡ ಇಟ್ಟರೆ ಗಪ್ಪಿ ಮೀನು ಬಿಡಿ, ಇಲ್ಲದಿದ್ದರೆ ಡೆಂಗ್ಯೂ ಸೊಳ್ಳೆ ಸಾಕಿದ ಹಾಗೆ.

ಕಳವಾರ_ದಾರಿ

ಸೊಳ್ಳೆ ವಿಷಯಕ್ಕೇ ಬರ್ತಿದ್ದೆ. ಪಡಸಾಲೆಗೆ ಪೂರ್ತಿ ಜಾಲರಿ ಹಾಕಬೇಕಾ? ಅತ್ತೆ ಸಂಜೆ ಅಲ್ಲೇ ಕೂರ್ತಾರೆ.

ಸೀಬೆ_ಕೊಂಬೆ

ಪೂರ್ತಿ ಹಾಕಿದರೆ ಕೋಳಿಗೂಡಲ್ಲಿ ಕೂತ ಹಾಗಿರುತ್ತೆ. ಮನೆಯೊಳಗಿನ ಬಾಗಿಲು ಕಿಟಕಿಗೆ ಹಾಕಿ, ಪಡಸಾಲೆ ಬಯಲಾಗಿರಲಿ. ಅಲ್ಲೊಂದು ಫ್ಯಾನ್ ಹಾಕಿ, ಗಾಳಿಗೆ ಸೊಳ್ಳೆ ಕೂರಲ್ಲ. ಜಾಲರಿ ಕಪ್ಪು ಬಣ್ಣದ್ದೇ ತಗೊಳ್ಳಿ. ಬಿಳಿಯದು ಬೆಳಕಿಗೆ ಹೊಳೆದು ಹೊರಗಿನದು ಮಸುಕಾಗುತ್ತೆ. ದೀಪ ಹಳದಿಯದ್ದು, ಕಟ್ಟೆಯಿಂದ ದೂರ.

ಕಳವಾರ_ದಾರಿ

ನಿನ್ನೆ ಸಂಜೆ ಸೈಟಿಗೆ ಹೋಗಿ ಗಳ ನೆಟ್ಟು ಹಗ್ಗ ಕಟ್ಟಿ ನೋಡಿದೆವು. ಎಂಟಡಿ ಹಿಂದೆ ಕುರ್ಚಿ ಹಾಕಿ ಅತ್ತೆಯನ್ನೇ ಕೂರಿಸಿದೆ. ಸ್ಕಂದಗಿರಿ ಪೂರ್ತಿ ಹಗ್ಗದ ಕೆಳಗೇ ಇದೆ. ನಿಂತಾಗಲೂ ತುದಿ ಕಾಣುತ್ತೆ, ನಮ್ಮೆಜಮಾನರು ಉದ್ದ ಇರೋದರಿಂದ ಅವರಿಗೆ ಮಾತ್ರ ಹಗ್ಗ ಹಣೆ ಮುಂದೆ ಬಂದ ಹಾಗಾಯ್ತು. ಅಂಚು ಏಳೂಕಾಲು ಅಡಿ ಮಾಡೋಣ ಅಂತ ತೀರ್ಮಾನ.

ಸದ್ಯದ ನಕ್ಷೆ ಹೀಗಿದೆ. ನಡುವಿನ ತೊಟ್ಟಿ ಹೋಯ್ತು. 14 ಅಡಿ ಗಾಜಿನ ಬದಲು ನಾಲ್ಕು ಮಡಿಕೆಯ ಮರದ ಬಾಗಿಲು, ಪೂರ್ತಿ ತೆರೆದರೆ ನಡುಮನೆ ಪಡಸಾಲೆ ಎರಡೂ ಒಂದೇ. ಹೆಂಚಿನ ಸೂರು, ಕಟ್ಟೆ, ನಲ್ಲಿ. ಆಚೆ ಕಲ್ಲು ಕೂಚದ ಚಪ್ಪರ. ಇಂಜಿನಿಯರ್‌ಗೆ ಅಷ್ಟು ಖುಷಿ ಇಲ್ಲ, "ಎಲಿವೇಷನ್ ಹಳ್ಳಿ ಮನೆ ಥರ ಆಗುತ್ತೆ" ಅಂದರು. ಆಗಲಿ. ಮಣ್ಣಿನ ಬ್ಲಾಕ್ ಇನ್ನೂ ತೀರ್ಮಾನ ಆಗಿಲ್ಲ, ಮಣ್ಣು ಪರೀಕ್ಷೆಗೆ ಕೊಡಬೇಕು.

ಒಂದೇ ಪ್ರಶ್ನೆ ಉಳಿದಿದೆ. ಪಡಸಾಲೆ ನೆಲ ನಡುಮನೆಗೆ ಸಮ ಇರಲಿ ಅಂತ ನನಗೆ ಆಸೆ, ಅತ್ತೆ ಎಡವಲ್ಲ. ಆದರೆ ಮಳೆ ನೀರು ಒಳಗೆ ಬಂದರೆ?

ಗಾರೆ_ಕೈ

ಪೂರ್ತಿ ಸಮ ಬೇಡ. ಅರ್ಧ ಇಂಚು ಇಳಿಸಿ, ಹೊಸ್ತಿಲ ಕಲ್ಲನ್ನು ಹೊರಗಡೆಗೆ ಇಳಿಜಾರಾಗಿ ಕೆತ್ತಿಸಿ. ಕಾಲಿಗೆ ತಾಗಲ್ಲ, ಗಾಲಿ ಕುರ್ಚಿಯೂ ದಾಟುತ್ತೆ. ಪಡಸಾಲೆ ನೆಲ ಎಂಟಡಿಗೆ ಒಂದೂವರೆ ಇಂಚಿನಷ್ಟು ಹೊರಗೆ ವಾಟ ಇರಲಿ. ಕಟ್ಟೆ ಕಟ್ಟೋವಾಗ ಬುಡದಲ್ಲಿ ನೀರು ಹೋಗೋಕೆ ನಾಲ್ಕೈದು ಕಡೆ ತೂತು ಬಿಡೋದು ಮರೀಬೇಡಿ. ಎಷ್ಟೋ ಮೇಸ್ತ್ರಿಗಳು ಕಟ್ಟೆ ಪೂರ್ತಿ ಮುಚ್ಚಿ, ಪಡಸಾಲೆಯನ್ನೇ ನೀರಿನ ತೊಟ್ಟಿ ಮಾಡಿಬಿಡ್ತಾರೆ. ತೂತಿಗೆ ಜಾಲರಿ ಹಾಕಿಸಿ, ಬೆಟ್ಟದ ಕಡೆಯಿಂದ ಹಾವು ಬರೋ ಜಾಗ ಅದು.

ಕೂಚ ನೆಡೋವಾಗ ಎರಡಡಿ ನೆಲದೊಳಗೆ ಹೋಗಲಿ. ತಂತಿ ಎಳೆದ ಮೇಲೆ ಕೊನೆ ಸಾಲಿನ ಕೂಚ ಒಳಕ್ಕೆ ವಾಲುತ್ತೆ, ಅದಕ್ಕೆ ಮೊದಲೇ ಹೊರಕ್ಕೆ ಸ್ವಲ್ಪ ಓರೆ ನಿಲ್ಲಿಸಿ ಗೂಟಕ್ಕೆ ಬಿಗಿಯಬೇಕು. ತೋಟದ ಕೆಲಸದವರಿಗೆ ಇದು ಹೇಳಿಕೊಡಬೇಕಾಗಿಲ್ಲ, ಬಿಲ್ಡಿಂಗ್ ಕೆಲಸದವರ ಕೈಗೆ ಮಾತ್ರ ಕೊಡಬೇಡಿ.